ಪರಾಭವ ಸಂವತ್ಸರಕ್ಕೆ ನಾನು ಹಿಡಿದ ಒಂದು ಮಾತು



ಈ ಸಲ ಬರೀತಿರೋದು ಬೆಳೆ ವಿಷಯ ಅಲ್ಲ. ಆದ್ರೂ ಕೊನೆಗೆ ತೋಟದ ಹತ್ರವೇ ಬಂದು ನಿಲ್ಲುತ್ತೆ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ನಮ್ಮ ಹೊಲದ ಮೂಡಲ ಬದುವಿನ ಹತ್ರ ಸುಣ್ಣದಲ್ಲಿ ಹಾಕಿದ ಗುರುತು ರಸ್ತೇಲಿ ಓಡಾಡೋರು ನೋಡಿರ್ತೀರಿ. ಅದು ಬೋರ್ ಪಾಯಿಂಟು. ಲಾರಿಯೋರಿಗೆ ಅಡ್ವಾನ್ಸೂ ಕೊಟ್ಟಿದ್ದೆ. ಯುಗಾದಿ ಆಗಿ ತಿಂಗಳಾಗ್ತಾ ಬಂತು, ಲಾರಿ ಬರ್ಲಿಲ್ಲ. "ಯಾಕಣ್ಣ, ದುಡ್ಡು ಹೊಂದ್ಲಿಲ್ವಾ?" ಅಂತ ನಾಲ್ಕೈದು ಜನ ಕೇಳಿದ್ರು. ದುಡ್ಡು ಹೊಂದಿತ್ತು. ನಾನೇ ಬಿಟ್ಟೆ. ಒಂದು ಮಾತು ಹಿಡ್ಕೊಂಡು ಬಿಟ್ಟೆ. ಡೈರಿ ಹತ್ರ ನಿಂತ್ಕೊಂಡು ಹೇಳೋ ಅಷ್ಟು ಸಣ್ಣ ವಿಷಯ ಅಲ್ಲ, ಅದಕ್ಕೆ ಇಲ್ಲಿ ಬರೀತಾ ಇದೀನಿ.

ನಮ್ಮನೆಯಿಂದ ಹಾಲು ತಗೊಂಡು ಹೋಗೋ ರಿಟೈರ್ಡ್ ಮೇಷ್ಟ್ರೊಬ್ರು ಇದಾರೆ. ಕ್ರೈಸ್ತರು. ಡಿಸೆಂಬರ್ 31ರ ರಾತ್ರಿ ಅವರ ಚರ್ಚಲ್ಲಿ ಪ್ರಾರ್ಥನೆ ಇರುತ್ತೆ, ಹನ್ನೆರಡು ಗಂಟೆ ದಾಟೋವರೆಗೂ ಕೂತಿರ್ತಾರೆ. ಹೊಸ ವರ್ಷಕ್ಕೆ ಅಂತ ಬೈಬಲಿನ ಒಂದು ವಚನ ಕೊಡ್ತಾರಂತೆ, ವಾಗ್ದಾನ ಅಂತ ಕರೀತಾರೆ. ಜನವರಿ 1ನೇ ತಾರೀಕು ಬೆಳಿಗ್ಗೆ ಹಾಲಿಗೆ ಬಂದಾಗ ಕೇಕಿನ ಜೊತೆ ಆ ಕಾರ್ಡೂ ತೋರಿಸಿದ್ರು.

"ಇದು ನೀವೇ ಆರಿಸ್ಕೊಳ್ಳೋದಾ ಮೇಷ್ಟ್ರೇ, ಇಲ್ಲ ಚೀಟಿ ಎತ್ತೋ ಥರಾನಾ?" ಅಂತ ಕೇಳ್ದೆ.

"ಇದು ಸಭೆಗೆಲ್ಲ ಕೊಡೋದು. ಇದಲ್ದೆ ನಾನು ಮನೇಲಿ ಒಬ್ಬನೇ ಕೂತು ಒಂದೇ ಒಂದು ಪದ ಕೇಳ್ಕೊತೀನಿ. ವರ್ಷಪೂರ್ತಿ ಅದನ್ನ ಇಟ್ಕೊಂಡು ನಡೀಬೇಕು" ಅಂದ್ರು.

ಹೋದ ವರ್ಷದ್ದು ಏನು ಅಂದೆ. "ಕ್ಷಮಿಸು" ಅಂದ್ರು. "ಬೇರೆ ಯಾವುದಾದ್ರೂ ಕೊಡು ಸ್ವಾಮಿ ಅಂತ ಮೂರು ದಿನ ಜಗಳ ಆಡಿದೆ ಕಣಪ್ಪ. ತಮ್ಮನ ಮನೆ ಮೆಟ್ಲು ಹತ್ತಿ ಹನ್ನೊಂದು ವರ್ಷ ಆಗಿತ್ತು."

"ಆಮೇಲೆ ಹೋದ್ರಾ?"

"ಆಗಸ್ಟಲ್ಲಿ ಹೋದೆ."

ಅಷ್ಟೇ ಹೇಳಿ ಹಾಲಿನ ಕ್ಯಾನು ಎತ್ಕೊಂಡ್ರು. ಗೇಟಿನ ಹತ್ರ ಹೋದೋರು ತಿರುಗಿ ಇನ್ನೊಂದು ಮಾತು ಅಂದ್ರು. "ನಮಗೆ ಇಷ್ಟ ಇರೋ ಪದ ತಾನಾಗೇ ಬಾಯಿಗೆ ಬಂದ್ಬಿಡುತ್ತೆ, ಅದನ್ನ ನಂಬಬೇಡ. ಯಾವುದಕ್ಕೆ ಮನಸ್ಸು 'ಇದೊಂದು ಬೇಡ' ಅನ್ನುತ್ತೋ, ಅದನ್ನ ಇನ್ನೊಂದು ಸಲ ನೋಡು."

ಇದು ತಲೇಲಿ ಕೂತ್ಕೊಂಡ್ತು. ನಮಗೆ ಹೊಸ ವರ್ಷ ಅಂದ್ರೆ ಯುಗಾದಿ. ಯುಗಾದಿಗೆ ನಾನೂ ಒಂದು ಮಾತು ಕೇಳ್ಕೊಳ್ಳೋಣ ಅಂತ ತೀರ್ಮಾನ ಮಾಡಿದೆ.

ನಮ್ಮ ಕಡೇನೂ ವರ್ಷಕ್ಕೊಂದು ಹೆಸರು ಬಂದೇ ಬರುತ್ತಲ್ಲ. ಅರವತ್ತು ಸಂವತ್ಸರ, ಸರದಿ ಪ್ರಕಾರ ಒಂದೊಂದು. ಮಾರ್ಚ್ 19ಕ್ಕೆ ಶುರುವಾಗಿದ್ದು ಪರಾಭವ. ಪರಾಭವ ಅಂದ್ರೆ ಸೋಲು. ಹಿಂದೆ 1966ರಲ್ಲಿ ಬಂದಿದ್ದು, ಈಗ 60 ವರ್ಷಕ್ಕೆ ಮತ್ತೆ ಬಂದಿದೆ. ದೇವಸ್ಥಾನದಲ್ಲಿ ಪಂಚಾಂಗ ಓದುವಾಗ ಹೆಸರು ಕೇಳ್ತಿದ್ದಂಗೇ ಹಿಂದೆ ಕೂತಿದ್ದ ಒಬ್ಬರು, "ಹೆಸರೇ ಹಿಂಗಾದ್ರೆ ಮಳೆ ಹೆಂಗಪ್ಪಾ" ಅಂದ್ರು. ಎಲ್ಲಾ ನಕ್ರು, ಆದ್ರೆ ನಗು ಗಟ್ಟಿಯಾಗಿರ್ಲಿಲ್ಲ.

ನಾನು ಕೂತಲ್ಲೇ ಹಿಂದಿನ ವರ್ಷಗಳನ್ನ ಎಣಿಸ್ದೆ. 2020ರದ್ದು ಶಾರ್ವರಿ, ಅಂದ್ರೆ ರಾತ್ರಿ. ಆ ಯುಗಾದಿ ಬಂದಿದ್ದು ಮಾರ್ಚ್ 25, ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ದಿನವೇ. ಹೆಸರಿಗೆ ತಕ್ಕಂಗೇ ಆಯ್ತು. 2023ರದ್ದು ಶೋಭಕೃತ್, ಶೋಭೆ ಉಂಟುಮಾಡೋ ವರ್ಷ. ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಸರ್ಕಾರವೇ ಘೋಷಿಸ್ತು. ನಮ್ಮ ರಾಗಿ ಗೇಣುದ್ದ ಬಂದು ಒಣಗಿದ್ದು ಆ ಶೋಭೆಯ ವರ್ಷದಲ್ಲೇ. ಅಂದ್ಮೇಲೆ ವರ್ಷದ ಹೆಸರು ನಮ್ಮ ಕೈಲಿಲ್ಲ, ಅದು ಹೇಳಿದಂಗೆ ನಡಿಯುತ್ತೆ ಅಂತಾನೂ ಇಲ್ಲ. ನಾವು ಹಿಡ್ಕೊಳ್ಳೋ ಮಾತು ಮಾತ್ರ ನಮ್ಮ ಕೈಲಿರೋದು.

ಈಗ ಬೋರಿನ ಕಥೆ. ಬಹಳ ಜನಕ್ಕೆ ಗೊತ್ತಿರೋದೇ, ಆದ್ರೂ ಲೆಕ್ಕ ಬರೀತೀನಿ.

ನಮ್ದು ಒಟ್ಟು ಮೂರೂವರೆ ಎಕರೆ. ಎರಡೆಕರೆ ತೆಂಗು, 86 ಮರ. ಒಂದೂವರೆ ಎಕರೆ ಹೊಲ, ರಾಗಿ, ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು. ಮೊದಲನೇ ಬೋರು 2004ರಲ್ಲಿ, 380 ಅಡಿ, ಎರಡೂವರೆ ಇಂಚು ನೀರು. 2015ಕ್ಕೆ ನಿಂತೋಯ್ತು. ಎರಡನೇದು 2016ರಲ್ಲಿ, 850 ಅಡಿ. ಈಗ ತೋಟಕ್ಕೆ ನೀರು ಕೊಡ್ತಿರೋದು ಅದೇ, ಸಣ್ಣಗೆ ಬರ್ತಾ ಇದೆ. ಮೂರನೇದು 2019ರಲ್ಲಿ, 1,040 ಅಡಿ. ರಾತ್ರಿ ಒಂದೂವರೆವರೆಗೆ ಲಾರಿ ಸದ್ದು, ಬರೀ ಬಿಳಿ ಧೂಳು. ಊದುಬತ್ತಿ ಹಚ್ಚಿ, ಕಾಯಿ ಒಡೆದು ಶುರು ಮಾಡಿದ್ವಿ. ಬೆಳಗ್ಗೆ ನೋಡಿದ್ರೆ ಅಕ್ಕಪಕ್ಕದ ಮರದ ಗರಿಯೆಲ್ಲ ಹಿಟ್ಟು ಬಳಿದಂಗೆ ಬೆಳ್ಳಗಾಗಿತ್ತು. ಆ ಧೂಳಿನ ಸಾಲ ಇವತ್ತಿಗೂ ಒಂದು ಲಕ್ಷದ ನಲವತ್ತು ಸಾವಿರ ಬಾಕಿ ಇದೆ.

ಇಷ್ಟಾದ್ಮೇಲೂ ನಾಲ್ಕನೇ ಬೋರಿಗೆ ಯಾಕೆ ಹೊರಟೆ ಅಂದ್ರೆ, ಅಡಿಕೆ. ನಮ್ಮ ಸುತ್ತ ರಾಗಿ ಹೊಲ ಇದ್ದಿದ್ದೆಲ್ಲ ಅಡಿಕೆ ಆಗ್ತಾ ಇದೆ. ನಾನೂ ಒಂದೆಕರೆಗೆ 500 ಸಸಿ ಹಾಕೋಣ ಅಂತ. ಜೊತೆಗೆ ಇನ್ನೊಂದು ಕಾರಣ ಇತ್ತು, ಅದನ್ನ ಯಾರಿಗೂ ಹೇಳಿರ್ಲಿಲ್ಲ. ಮಗ ಪೀಣ್ಯದಲ್ಲಿ ಫ್ಯಾಕ್ಟರೀಲಿದಾನೆ. ಸಂಕ್ರಾಂತಿಗೆ ಬಂದಾಗ ಬದು ಮೇಲೆ ಕೂತು, "ನೀರಾದ್ರೆ ನಾನು ವಾಪಸ್ ಬಂದ್ಬಿಡ್ತೀನಪ್ಪಾ, ಅಲ್ಲಿ ರೂಮ್ ಬಾಡಿಗೆ ಕಟ್ಟಿ ಏನೂ ಉಳಿಯಲ್ಲ" ಅಂದಿದ್ದ. ಆ ಮಾತು ಕೇಳಿದ ದಿನದಿಂದ ನನಗೆ ಹೊಲದಲ್ಲಿ ರಾಗಿ ಕೂಳೆ ಕಾಣ್ತಾನೇ ಇರ್ಲಿಲ್ಲ, ಅಡಿಕೆ ಸಾಲೇ ಕಾಣೋದು.

ಪಾಯಿಂಟ್ ನೋಡೋರನ್ನ ಕರೆಸ್ದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲವೆಲ್ಲ ನಡೆದ್ರು. ಮೂಡಲ ಬದುವಿನ ಹತ್ರ ಕಾಯಿ ಎದ್ದು ನಿಲ್ತು. ಒಟ್ಟು ಮೂರೂವರೆ ಲಕ್ಷ ಬೇಕು ಅಂತ ಅಂದಾಜು. ಮನೆಯವಳ ಸರ ಅಡ ಇಟ್ರೆ ಒಂದೂವರೆ ಲಕ್ಷ, ಗಬ್ಬದ ಹಸು ಮಾರಿದ್ರೆ ಐವತ್ತು ಸಾವಿರ, ಉಳಿದಿದ್ದು ಕೈಗಡ. ಮಾರ್ಚ್ 23 ಸೋಮವಾರಕ್ಕೆ ಲಾರಿ ಬುಕ್ ಮಾಡಿ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟೆ.

ಹಿಂಗೆ ಎಲ್ಲಾ ತೀರ್ಮಾನ ಮಾಡ್ಕೊಂಡ ಮೇಲೆ ದೇವರ ಹತ್ರ ಹೋದೆ. ಇದನ್ನ ನೀವು ಗಮನಿಸಬೇಕು. ನಾವು ಬಹಳ ಸಲ ಮಾಡೋದೇ ಹಿಂಗೆ.

ಯುಗಾದಿ ಹಿಂದಿನ ದಿನ, ಬುಧವಾರ ಅಮಾವಾಸ್ಯೆ, ನಮ್ಮೂರ ಅಮ್ಮನ ಗುಡೀಲಿ ಹೂ ಕೇಳಿದೆ. ಬಲಗಡೆ ಬಿದ್ರೆ ಆಗುತ್ತೆ, ಎಡಗಡೆ ಬಿದ್ರೆ ಬೇಡ. ಕೈ ಮುಗಿದು ಕಾಲು ಗಂಟೆ ನಿಂತೆ. ಎಡಕ್ಕೂ ಬೀಳ್ಲಿಲ್ಲ, ಬಲಕ್ಕೂ ಬೀಳ್ಲಿಲ್ಲ. ಅರ್ಧ ಗಂಟೆ ಆಯ್ತು. ಪೂಜಾರಪ್ಪ, "ಏನಂತ ಕೇಳ್ಕೊಂಡೆ?" ಅಂದ್ರು. ಮೂಡಲ ಪಾಯಿಂಟಲ್ಲಿ ನೀರು ಬರುತ್ತಾ ಅಂತ ಕೇಳ್ಕೊಂಡೆ ಅಂದೆ. "ಅಡ್ವಾನ್ಸ್ ಕೊಟ್ಟು ಬಂದು ಕೇಳ್ತೀಯಲ್ಲೋ. ಅಪ್ಪಣೆ ಕೇಳಕ್ಕೆ ಬಂದಿದೀಯೋ, ಸಹಿ ಹಾಕ್ಸಕ್ಕೆ ಬಂದಿದೀಯೋ?" ಅಂದ್ರು. ಊರು ಸಣ್ಣದು, ಯಾರಿಗೆ ಏನು ಕೊಟ್ಟೆ ಅನ್ನೋದು ಎಲ್ಲಾರಿಗೂ ಗೊತ್ತಿರುತ್ತೆ.

ಮುಖ ಸಣ್ಣದು ಮಾಡ್ಕೊಂಡು ಮನೆಗೆ ಬಂದೆ. ರಾತ್ರಿ ದೇವರ ಮನೇಲಿ ದೀಪ ಹಚ್ಚಿ ಕೂತು, ಮೇಷ್ಟ್ರು ಹೇಳಿದ್ದು ನೆನೆಸ್ಕೊಂಡು, ಒಂದು ಮಾತು ಕೊಡು ತಾಯಿ ಅಂದೆ. ಕೂತ ಐದೇ ನಿಮಿಷಕ್ಕೆ ಬಂತು: ಧೈರ್ಯ. ಬಹಳ ಖುಷಿ ಆಯ್ತು. ಡೈರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ ದೊಡ್ಡದಾಗಿ ಬರೆದು ಇಟ್ಟೆ.

ಬೆಳಿಗ್ಗೆ ನಮ್ಮನೆಯವಳು ಹಾಲಿನ ಲೆಕ್ಕ ಬರಿಯಕ್ಕೆ ಪುಸ್ತಕ ತೆಗೆದ್ಲು. "ಇದೇನು, ಧೈರ್ಯ?" ಅಂದ್ಲು. ಈ ವರ್ಷಕ್ಕೆ ನಾನು ಹಿಡಿದಿರೋ ಮಾತು ಅಂದೆ. ಪುಸ್ತಕ ಮಡಚಿ, "ಯಾರ ಧೈರ್ಯ? ನನ್ನ ಸರದ ಧೈರ್ಯಾನಾ?" ಅಂತ ಕೇಳಿ ಒಳಗೆ ಹೋದ್ಲು. ಜೋರು ಮಾಡ್ಲಿಲ್ಲ, ಜಗಳ ಆಡ್ಲಿಲ್ಲ. ಅಷ್ಟೇ ಕೇಳಿದ್ದು. ಸಲೀಸಾಗಿ ಬಂದ ಪದ ನಂಬಬೇಡ ಅಂತ ಮೇಷ್ಟ್ರು ಹೇಳಿದ್ದು ಯಾಕೆ ಅಂತ ಅವಾಗ ಅರ್ಥ ಆಯ್ತು.

ಅವತ್ತು ಹಬ್ಬ. ಹೊನ್ನಾರು ಹೂಡಿದ್ವಿ. ಈಗ ನಮ್ಮನೇಲಿ ಎತ್ತಿಲ್ಲ, ಪಕ್ಕದೋರ ಎತ್ತಿನ ಜೊತೆ ನಾಲ್ಕು ಸಾಲು ಹೊಡೆದು ಬಂದೆ. ಬೇವು ಬೆಲ್ಲ ಆಯ್ತು. ಮಧ್ಯಾಹ್ನ ಒಬ್ಬಟ್ಟಿನ ಊಟ. ಅವ್ವನಿಗೆ ಈಗ ಎಂಬತ್ತು ದಾಟಿದೆ. ಒಂದು ಒಬ್ಬಟ್ಟು ತಿಂದ್ರು, ಇನ್ನೊಂದು ಹಾಕಕ್ಕೆ ಹೋದೆ. ಎಲೆ ಮೇಲೆ ಕೈ ಅಡ್ಡ ಹಿಡಿದು, "ಸಾಕು" ಅಂದ್ರು. ಹಬ್ಬ ಅಲ್ವಾ, ಇನ್ನೊಂದು ತಿನ್ನವ್ವ ಅಂತ ಬಲವಂತ ಮಾಡಿದೆ. "ಸಾಕು ಅಂದ್ನಲ್ಲಪ್ಪಾ" ಅಂತ ಮುಖ ನೋಡಿದ್ರು.

ಊಟದಲ್ಲಿ ಆಡೋ ಮಾತು, ದಿನಾ ಕೇಳೋದು. ಆದ್ರೆ ಅವತ್ತು ಆ ಒಂದು ಪದ ಕಿವೀಲೇ ಉಳ್ಕೊಂಡ್ತು. ಕೈ ತೊಳೆದೆ, ಜಗುಲಿ ಮೇಲೆ ಮಲಗ್ದೆ, ನಿದ್ದೆ ಬರ್ಲಿಲ್ಲ. ಇದೊಂದು ಬೇಡ ಅಂತ ಮನಸ್ಸು ಹೇಳ್ತಾ ಇತ್ತು. ಸಾಕು ಅಂದ್ರೆ ಸೋತಂಗೆ ಅಲ್ವಾ? ವರ್ಷದ ಹೆಸರು ಪರಾಭವ, ನನ್ನ ಮಾತು ಸಾಕು. ಮಗ ಬರ್ತೀನಿ ಅಂತಿದಾನೆ, ಅಪ್ಪ ಸಾಕು ಅಂತ ಕೂರೋದಾ? ವಯಸ್ಸಾದೋರಿಗೆ ಸರಿ, 54ಕ್ಕೆ ಇದೆಂಥಾ ಮಾತು ಅಂತ ನನಗೆ ನಾನೇ ವಾದ ಮಾಡ್ದೆ. ಆ ರಾತ್ರಿ ದೀಪ ಹಚ್ಚಿದಾಗ, ಇದನ್ನ ಬಿಟ್ಟು ಬೇರೆ ಕೊಡು ಅಂತಾನೇ ಕೇಳ್ಕೊಂಡಿದ್ದು.

ಮಾರನೇ ದಿನ ವರ್ಷದ ತೊಡಕು. ಶುಕ್ರವಾರ ಆಗಿದ್ರಿಂದ ನಮ್ಮನೇಲಿ ಬಾಡೂಟ ಭಾನುವಾರಕ್ಕೆ ಹೋಯ್ತು. ಸಾಯಂಕಾಲ ಚಂದ್ರ ನೋಡಕ್ಕೆ ಎಲ್ಲಾರೂ ಅಂಗಳಕ್ಕೆ ಬಂದ್ವಿ. ತೆಂಗಿನ ಗರಿ ಸಂದೀಲಿ ಉಗುರಿನಷ್ಟು ಕಾಣಿಸ್ತು. ಕೈ ಮುಗಿದು, ಪದ್ಧತಿ ಪ್ರಕಾರ ಅವ್ವನ ಕಾಲಿಗೆ ಬಿದ್ದೆ. ಪ್ರತಿ ವರ್ಷ "ನೂರು ವರ್ಷ ಬಾಳು" ಅನ್ನೋರು. ಈ ಸಲ ತಲೆ ಮೇಲೆ ಕೈ ಇಟ್ಟು, ತೋಟದ ಕಡೆ ನೋಡ್ತಾ, "ಇರೋದನ್ನ ಚೆನ್ನಾಗಿ ಸಾಕು ಮಗಾ" ಅಂದ್ರು.

ಬಗ್ಗಿದೋನು ಹಂಗೇ ಇದ್ದೆ. ಅದೇ ಪದ. ನಿನ್ನೆ ಎಲೆ ಮುಂದೆ ಹೇಳಿದ ಸಾಕು ಬೇರೆ, ಇದು ಬೇರೆ. ಹಸು ಸಾಕೋದು, ಮಕ್ಕಳು ಸಾಕೋದು, ಮರ ಸಾಕೋದು. 54 ವರ್ಷ ಈ ಭಾಷೆ ಆಡ್ಕೊಂಡು ಬಂದು, ಎರಡೂ ಒಂದೇ ಪದ ಅಂತ ಅವತ್ತಿನವರೆಗೆ ಹೊಳೆದಿರ್ಲಿಲ್ಲ.

"ಸಾಕ್ತಾನೇ ಇದೀನಲ್ಲವ್ವ" ಅಂದೆ.

"ತೋಟಕ್ಕೆ ಗೊಬ್ಬರ ಹಾಕಿ ಎಷ್ಟು ವರ್ಷ ಆಯ್ತು?" ಅಂದ್ರು.

ಉತ್ತರ ಇರ್ಲಿಲ್ಲ. ನಾಲ್ಕು ವರ್ಷ ಆಗಿತ್ತು. ಬೋರ್ ಸಾಲದ ಬಡ್ಡಿ ಕಟ್ತಾ ಕಟ್ತಾ ಗೊಬ್ಬರ ಮುಂದಿನ ವರ್ಷ, ಮುಂದಿನ ವರ್ಷ ಅಂತ ತಳ್ಳಿದ್ದೆ. ಆ 86 ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಅವ್ವ ಬಿಂದಿಗೇಲಿ ನೀರು ಹೊತ್ತು ಸಾಕಿದ್ದು. ಆಗ ಬೋರೂ ಇರ್ಲಿಲ್ಲ, ಮೋಟ್ರೂ ಇರ್ಲಿಲ್ಲ. ಊರ ಬಾವಿಯಿಂದ ಸೊಂಟದ ಮೇಲೊಂದು, ತಲೆ ಮೇಲೊಂದು. ಯಾವ ಮರ ಯಾವ ವರ್ಷ ನೆಟ್ಟಿದ್ದು ಅಂತ ಇವತ್ತಿಗೂ ಹೇಳ್ತಾರೆ. ನನಗೆ ಮರದ ಸಂಖ್ಯೆ ಗೊತ್ತು, ಅಷ್ಟೇ.

ವರ್ಷದ ತೊಡಕಿನ ದಿನ ಏನು ಮಾಡ್ತೀವೋ ಅದನ್ನೇ ವರ್ಷವೆಲ್ಲ ಮಾಡ್ತೀವಿ ಅಂತ ಹಿರಿಯರು ಹೇಳ್ತಾರಲ್ಲ. ದಿನ ಇನ್ನೂ ಮುಗಿದಿರ್ಲಿಲ್ಲ. ತಿಪ್ಪೆಯಿಂದ ಎರಡು ಮಂಕರಿ ಗೊಬ್ಬರ ತುಂಬ್ಕೊಂಡೆ. ಕತ್ಲು. ನಮ್ಮನೆಯವಳು ಏನೂ ಕೇಳ್ದೆ ಬ್ಯಾಟರಿ ಹಿಡ್ಕೊಂಡು ಹಿಂದೆ ಬಂದ್ಲು. ಮನೆ ಹತ್ರದ ಮೊದಲನೇ ಮರಕ್ಕೆ ಪಾತಿ ಬಿಡಿಸಿ ಹಾಕಿ ಬಂದ್ವಿ. ಬರ್ತಾ ಅವಳೇ, "ಸೋಮವಾರ ಲಾರಿ?" ಅಂದ್ಲು. ಬೇಡ ಅಂತೀನಿ ಅಂದೆ. ಕತ್ಲಲ್ಲಿ ಅವಳ ಮುಖ ಕಾಣ್ಲಿಲ್ಲ. ಬ್ಯಾಟರಿ ಬೆಳಕು ಮಾತ್ರ ಒಂದು ಗಳಿಗೆ ನಿಂತು ಆಮೇಲೆ ಮುಂದೆ ಹೋಯ್ತು.

ಶನಿವಾರ ಬೆಳಿಗ್ಗೆ ಮತ್ತೆ ಗುಡಿಗೆ ಹೋದೆ. ಪೂಜಾರಪ್ಪ ಹೂ ಇಡ್ಲಾ ಅಂದ್ರು. ಬೇಡಿ, ಕೇಳೋದು ಏನೂ ಇಲ್ಲ ಅಂದೆ. ಕೈ ಮುಗಿದು ಬಂದೆ.

ಇಲ್ಲಿಂದ ಮುಂದೆ ತೋಟದ ವಿಷಯ.

ಮಾತು ಹಿಡಿದ್ರೆ ಸಾಲದು, ಅದಕ್ಕೆ ಕೆಲಸ ಕೊಡಬೇಕಲ್ಲ. ಸಾಕು ಅನ್ನೋದಾದ್ರೆ ಇರೋದು ಎಷ್ಟು ಅಂತ ಮೊದಲು ಗೊತ್ತಾಗಬೇಕು. ಹತ್ತು ವರ್ಷದಿಂದ ಆ ಬೋರಿನ ನೀರು ಬಿಡ್ತಿದೀನಿ, ಒಂದು ದಿನ ಅಳೆದಿರ್ಲಿಲ್ಲ. ಸಣ್ಣಗೆ ಬರುತ್ತೆ, ಸಾಲ್ತಿಲ್ಲ ಅಂತ ಬಾಯಿ ಮಾತಲ್ಲೇ ಹತ್ತು ವರ್ಷ. ಅವತ್ತು 200 ಲೀಟರಿನ ಡ್ರಮ್ ಇಟ್ಟು ಫೋನಲ್ಲಿ ಟೈಮ್ ನೋಡ್ದೆ. ತುಂಬಕ್ಕೆ 8 ನಿಮಿಷ. ಅಂದ್ರೆ ಗಂಟೆಗೆ 1,500 ಲೀಟರ್. ಬೇಸಿಗೇಲಿ ದೊಡ್ಡ ತೆಂಗಿನ ಮರಕ್ಕೆ ಡ್ರಿಪ್ಪಲ್ಲಿ ದಿನಕ್ಕೆ 60 ಲೀಟರ್ ಅಂತ ಹಿಡಿದ್ರೂ, 86 ಮರಕ್ಕೆ 5,160 ಲೀಟರ್. ಮೂರೂವರೆ ಗಂಟೆ ಮೋಟ್ರು ಓಡಿದ್ರೆ ಮುಗೀತು. ನಮಗೆ ತ್ರೀ ಫೇಸ್ ಕರೆಂಟು ಸಿಗೋದು ಏಳು ಗಂಟೆ.

ಅಂದ್ರೆ ಇದ್ದ ತೋಟಕ್ಕೆ ನೀರು ಸಾಕಾಗಿತ್ತು. ನಾನು ಕಾಲುವೇಲಿ ಹರಿಸಿ ಅರ್ಧ ನೀರು ದಾರೀಲೇ ಇಂಗಿಸ್ತಿದ್ದೆ. ಡ್ರಿಪ್ ಪೈಪು ಇಲಿ ಕಡಿದು ಎರಡು ವರ್ಷದಿಂದ ಕೊಟ್ಟಿಗೇಲಿ ಸುತ್ತಿಟ್ಟಿತ್ತು.

ಇನ್ನು ಅಡಿಕೆ ಲೆಕ್ಕ ಹಾಕ್ದೆ. 500 ಗಿಡಕ್ಕೆ ದಿನಕ್ಕೆ 15 ಲೀಟರ್ ಅಂದ್ರೂ 7,500 ಲೀಟರ್, ಇದೇ ನೀರಲ್ಲಿ ಐದು ಗಂಟೆ. ತೆಂಗಿನದು ಮೂರೂವರೆ ಸೇರಿದ್ರೆ ಎಂಟೂವರೆ. ಕರೆಂಟು ಏಳು ಗಂಟೆ. ಹೊಸ ಬೋರಲ್ಲಿ ನೀರು ಬರ್ಲಿಲ್ಲ ಅಂದ್ರೆ ಎರಡೂ ತೋಟ ಅರ್ಧ ಹೊಟ್ಟೆ. ಅಡಿಕೆ ಫಲಕ್ಕೆ ಬರೋ ಐದಾರು ವರ್ಷದಲ್ಲಿ ಒಂದು ಬೇಸಿಗೆ ನೀರು ತಪ್ಪಿದ್ರೂ ಹೋಯ್ತು. ಈ ಲೆಕ್ಕ ಏಳನೇ ಕ್ಲಾಸಿನ ಹುಡುಗನೂ ಮಾಡ್ತಾನೆ. ಎಸ್ಸೆಸ್ಸೆಲ್ಸಿ ಪಾಸಾಗಿರೋ ನಾನು ಮಾಡಿರ್ಲಿಲ್ಲ, ಯಾಕಂದ್ರೆ ಉತ್ತರ ಬೇಕಾಗಿರ್ಲಿಲ್ಲ.

ಇನ್ನೊಂದು ವಿಷಯ. ತೆಂಗಿನ ಹೊಂಬಾಳೆ ಮರದೊಳಗೆ ಹುಟ್ಟಿ ಹೊರಗೆ ಕಾಣಕ್ಕೇ ಎರಡೂವರೆ ವರ್ಷದ ಮೇಲಾಗುತ್ತೆ. ಆಮೇಲೆ ಕಾಯಿ ಬಲಿಯಕ್ಕೆ ಇನ್ನೊಂದು ವರ್ಷ. ಎಲ್ಲಾ ಸೇರಿ ಹೆಚ್ಚುಕಮ್ಮಿ 44 ತಿಂಗಳು. 2023ರ ಬರ ಈಗಲೂ ಗೊನೇಲಿ ಕಾಣ್ತಿರೋದು ಅದಕ್ಕೇ. ಮರಕ್ಕೆ 90-100 ಕಾಯಿ ಬರ್ತಿದ್ದ ನಮ್ಮ ತೋಟದಲ್ಲಿ ಹೋದ ವರ್ಷ 50 ದಾಟ್ಲಿಲ್ಲ. ಬರ ಒಂದು ಕಡೆ, ನಾನು ಗೊಬ್ಬರ ನಿಲ್ಲಿಸಿದ್ದು ಇನ್ನೊಂದು ಕಡೆ. ಕೊಬ್ಬರಿಗೆ ಒಳ್ಳೆ ರೇಟು ಬಂದಾಗ ನಮ್ಮ ಅಟ್ಟ ಅರ್ಧ ಖಾಲಿ. ಈಗ ಹಾಕೋ ಗೊಬ್ಬರದ ಪೂರ್ತಿ ಫಲ ಕಾಣೋದು 2029ರ ಕೊನೆಗೆ. ಕಾಯಿ ಅಟ್ಟಕ್ಕೆ ಹಾಕಿ 11 ತಿಂಗಳು ಕಾದು ತಿಪಟೂರು ಮಾರ್ಕೆಟ್ಟಿಗೆ ಹೋಗೋರು ನಾವು. ಕಾಯೋದು ನಮಗೆ ಹೊಸದಲ್ಲ.

ಈ ಒಂದು ತಿಂಗಳಲ್ಲಿ ಆಗಿರೋ ಕೆಲಸ ಇಷ್ಟು:

ಡ್ರಿಪ್ ಪೈಪು ರಿಪೇರಿ ಮಾಡಿ 86 ಮರಕ್ಕೂ ಎಳೆದಾಯ್ತು. ಖರ್ಚು ಒಂಬತ್ತು ಸಾವಿರ.

ಒಂದೊಂದೇ ಮರ ಸುತ್ತಿ ನೋಡಿದೆ. 11 ಮರದ ಸುಳೀಲಿ ದುಂಬಿ ಕೊರೆದಿತ್ತು. ಕೊಕ್ಕೆ ಕಡ್ಡೀಲಿ ದುಂಬಿ ತೆಗೆಸಿ, ಸುಳಿ ಬುಡಕ್ಕೆ ಮರಳು, ಬೇವಿನ ಹಿಂಡಿ ಬೆರೆಸಿ ಹಾಕಿಸ್ದೆ. ಆ ದುಂಬಿ ಮೊಟ್ಟೆ ಇಡೋದು ನಮ್ಮ ತಿಪ್ಪೇಲೇ. ತಿಪ್ಪೆ ಕೆದಕಿದ್ರೆ ಹೆಬ್ಬೆರಳು ಗಾತ್ರದ ಹುಳ, ಬಕೆಟ್ ಕಾಲು ಭಾಗ ಸಿಕ್ತು. ಇದನ್ನ ಎಲ್ಲಾರೂ ಒಂದು ಸಲ ನೋಡ್ಕೊಳ್ಳಿ, ನಿಮ್ಮ ತಿಪ್ಪೆ ದುಂಬಿ ನಮ್ಮ ತೋಟಕ್ಕೂ ಬರುತ್ತೆ, ನಮ್ದು ನಿಮ್ಮ ತೋಟಕ್ಕೂ ಬರುತ್ತೆ.

ಮರಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರದಂಗೆ ಲೆಕ್ಕ ಹಾಕಿದ್ರೆ ನಾಲ್ಕು ಟನ್ನಿನ ಮೇಲೆ ಬೇಕು. ನಮ್ಮ ತಿಪ್ಪೇದು 52 ಮರಕ್ಕೆ ಬಂತು. ಮಾರಕ್ಕೆ ಹೊರಟಿದ್ದ ಹಸು ಇದ್ರೆ ಉಳಿದಿದ್ದಕ್ಕೂ ಬರುತ್ತೆ. ಹಸು ಮಾರಿ ಬೋರು ಕೊರೆಸಿ ಆಮೇಲೆ ಗೊಬ್ಬರ ಕೊಂಡ್ಕೊಳ್ಳೋನಿದ್ದೆ ನಾನು!

ಸುಲಿದ ಕಾಯಿ ಸಿಪ್ಪೆ ಪ್ರತಿ ವರ್ಷ ಯಾರಿಗೋ ಕೊಡ್ತಿದ್ದೆ. ಈ ಸಲ ಮರದ ಸಾಲಿನ ಮಧ್ಯೆ ಗುಂಡಿ ತೆಗೆದು ಹೂಳ್ತಾ ಇದೀನಿ, ತೇವ ಹಿಡಿಯುತ್ತೆ. ಸೋಗೆ ಸುಡೋದು ನಿಲ್ಲಿಸಿ ಪಾತಿಗೆ ಮುಚ್ಚಿಗೆ ಮಾಡ್ತಿದೀನಿ. ಹದ ಮಳೆ ಬಿದ್ದ ತಕ್ಷಣ ತೋಟಕ್ಕೆ ಹುರುಳಿ ಚೆಲ್ಲಬೇಕು. ಹೊಲಕ್ಕೆ ಎಂದಿನಂತೆ ರಾಗಿ.

ಇದನ್ನೆಲ್ಲ ಓದಿ, ಇವನಿಗೆ ಒಂದೇ ರಾತ್ರೀಲಿ ಜ್ಞಾನೋದಯ ಆಯ್ತು ಅಂದ್ಕೋಬೇಡಿ. ಅಡ್ವಾನ್ಸಲ್ಲಿ ನಾಲ್ಕು ಸಾವಿರ ಹೋಯ್ತು, ಆರು ಸಾವಿರ ವಾಪಸ್ ಕೊಟ್ರು. "ಹೆದರ್ಕೊಂಡ" ಅಂತ ಟೀ ಅಂಗಡೀಲಿ ಮಾತಾಡಿದ್ದು ನನ್ನ ಕಿವಿಗೂ ಬಿತ್ತು. ಪಕ್ಕದ ಹೊಲದಲ್ಲಿ ಲಾರಿ ನಿಂತು ನೀರು ಚಿಮ್ಮಿದ ದಿನ ಮನೇಲಿ ಊಟ ಸೇರ್ಲಿಲ್ಲ. ಅವರಿಗೆ ಒಳ್ಳೇದಾಗ್ಲಿ, ಅದನ್ನ ಮನಸ್ಸಿನಿಂದ್ಲೇ ಹೇಳ್ತೀನಿ. ಅವರ ನೀರು ನೋಡಿ ನನ್ನ ಹೊಟ್ಟೇಲಿ ಆಗಿದ್ದನ್ನೂ ಮುಚ್ಚಿಡಲ್ಲ. ಆರು ವರ್ಷ ಆದ್ಮೇಲೆ ಅವರ ಅಡಿಕೆ ಗೊನೆ ನೋಡಿ ನಾನು ಕೈ ಕೈ ಹಿಸುಕ್ಕೊಂಡ್ರೂ ಹಿಸುಕ್ಕೋಬಹುದು. ಮಾತು ಹಿಡಿದ ಮಾತ್ರಕ್ಕೆ ಎಲ್ಲಾ ಸರಿ ಹೋಗುತ್ತೆ ಅಂತ ಮೇಷ್ಟ್ರೂ ಹೇಳಿರ್ಲಿಲ್ಲ. ಬೇಸಿಗೆ ಇನ್ನೂ ಇದೆ, ನೀರು ಇಳಿದ್ರೂ ಇಳೀಬಹುದು. ಹದಿನೈದು ದಿನಕ್ಕೊಂದ್ಸಲ ಡ್ರಮ್ ಇಟ್ಟು ಅಳೀತಿದೀನಿ. ಮೊನ್ನೆ 8 ನಿಮಿಷ ಇದ್ದಿದ್ದು ಒಂಬತ್ತಕ್ಕೆ ಬಂದಿದೆ.

ಕಷ್ಟ ಆಗಿದ್ದು ಮಗನಿಗೆ ಹೇಳೋದು. ಅವನು ನೀರಿಗೆ ಕಾಯ್ತಿದ್ದ. ಭಾನುವಾರ ಫೋನ್ ಮಾಡಿ ಹೇಳ್ದೆ. ಬೋರ್ ಬಿಟ್ಟೆ ಕಣೋ, ಇರೋ ತೋಟ ನೋಡ್ಕೊಳ್ಳೋಣ ಅಂತ. ಆ ಕಡೆಯಿಂದ ಮಾತಿಲ್ಲ. "ಸರಿ ಬಿಡಪ್ಪಾ" ಅಂದು ಇಟ್ಬಿಟ್ಟ. ಹದಿನೆಂಟು ದಿನ ಫೋನ್ ಮಾಡ್ಲಿಲ್ಲ. ಅವರ ಅಮ್ಮನಿಗೆ ಮಾತ್ರ ಮಾಡ್ತಿದ್ದ. ಆ ಹದಿನೆಂಟು ದಿನ ಸಂಜೆ ದೀಪ ಹಚ್ಚಿದಾಗ ನಾನು ಬೇರೇನೂ ಕೇಳ್ಲಿಲ್ಲ. ಮರ ಸಾಕ್ತೀನಿ, ಹಸು ಸಾಕ್ತೀನಿ, ಇವನನ್ನ ಸಾಕಿದ್ದು ಸಾಕಾಯ್ತಾ, ಕಮ್ಮಿಯಾಯ್ತಾ ಅಂತ ಒಂದೇ ಯೋಚನೆ.

ಮೊನ್ನೆ ರಾತ್ರಿ ಮಾಡ್ದ. ಊಟ ಆಯ್ತಾ ಅಂದ. ಆಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಸು ಮಾರಿದ್ಯಾ?" ಅಂತ ಕೇಳ್ದ. ಇಲ್ಲ ಅಂದೆ.

"ಈಗ ಎಷ್ಟು ತಿಂಗಳು ಅದಕ್ಕೆ?"

"ಏಳು ತುಂಬ್ತು."

"ಕರು ಹಾಕೋ ಹೊತ್ತಿಗೆ ರಜ ಹಾಕಿ ಬರ್ತೀನಿ" ಅಂದ.

ಇಷ್ಟೇ ನಡೆದಿದ್ದು. ಸುಣ್ಣದ ಗುರುತು ಇನ್ನೊಂದು ಮಳೆಗೆ ಅಳಿಸಿ ಹೋಗುತ್ತೆ, ಯಾರೂ ಅದರ ಬಗ್ಗೆ ಕೇಳೋ ಹಂಗಿಲ್ಲ.

ನೀವೂ ಈ ವರ್ಷಕ್ಕೆ ಅಂತ ಒಂದು ಮಾತು ಹಿಡಿದಿದ್ರೆ ತಿಳಿಸಿ. ಹಿಡಿದಿಲ್ಲ ಅಂದ್ರೆ, ಬಸವ ಜಯಂತಿ, ಅಕ್ಷಯ ತದಿಗೆ ಮುಂದೆ ಇದೆ, ತಡ ಏನಾಗಿಲ್ಲ. ತೀರ್ಮಾನ ಮಾಡೋದಕ್ಕೆ ಮೊದಲೇ ದೇವರ ಮುಂದೆ ಕೂತ್ಕೊಳ್ಳಿ, ನನ್ನ ಥರ ಅಡ್ವಾನ್ಸ್ ಕೊಟ್ಟು ಹೋಗಬೇಡಿ. ಮತ್ತೆ, ಮನೆಯವಳು ಏನಂತಾಳೆ ಕೇಳಿ. ಡ್ರಮ್ ಇಟ್ಟು ನಿಮ್ಮ ಬೋರಿನ ನೀರು ಅಳೆದ್ರೆ ಎಷ್ಟು ನಿಮಿಷ ಬಂತು ಅಂತ ಕಾಮೆಂಟಲ್ಲಿ ಹಾಕಿ, ಸುತ್ತಮುತ್ತಲಿನ ಲೆಕ್ಕ ಎಲ್ಲಾರಿಗೂ ಉಪಯೋಗ ಆಗುತ್ತೆ.

ಮುಂದಿನ ಸಲ ಹುರುಳಿ ಚೆಲ್ಲಿದ ಮೇಲೆ ಬರೀತೀನಿ. ನಮಸ್ಕಾರ.